ಹಳೆಯ ಸೀಕೋ 5 ಆಟೋಮ್ಯಾಟಿಕ್: ಮಿಷಿನ್‌ನಲ್ಲಿ ಸವೆದಿದ್ದು ಯಾವುದು ಎಂದು ಕಂಡುಹಿಡಿಯುವ ಬಗೆ

ನಮ್ಮಲ್ಲಿ ಹಳೆಯ ಆಟೋಮ್ಯಾಟಿಕ್ ವಾಚು ಎಂದರೆ ಹತ್ತರಲ್ಲಿ ಹಲವು ಸಲ ಅದು ಸೀಕೋ 5 ಆಗಿರುತ್ತದೆ. ಎಂಬತ್ತರ ದಶಕದಲ್ಲಿ ಗಲ್ಫ್‌ನಿಂದ ಊರಿಗೆ ಬಂದವರ ಕೈಯಲ್ಲಿ ಕರಾವಳಿಯ ತುಂಬ ಈ ವಾಚು ಇತ್ತು. ಈಗ ಅವು ಅಜ್ಜನ ಪೆಟ್ಟಿಗೆಯಿಂದಲೋ, ಹಳೆ ಸಾಮಾನಿನ ಅಂಗಡಿಯಿಂದಲೋ ಹೊರಗೆ ಬರುತ್ತಿವೆ. ಹೆಚ್ಚಿನವುಗಳ ಒಳಗಿರುವುದು 7009 ಅಥವಾ 6309 ಕ್ಯಾಲಿಬರ್ (ಮಿಷಿನ್ ಮಾದರಿಯ ಸಂಖ್ಯೆ). ಎರಡರಲ್ಲೂ 17 ಕಲ್ಲು (ಸವೆತ ತಡೆಯಲು ಕೂರಿಸಿದ ಮಾಣಿಕ್ಯದ ಆಸರೆ), ಗಂಟೆಗೆ 21,600 ಹೊಡೆತ, ವಾರ ಮತ್ತು ತಾರೀಕು. ಕ್ರೌನ್ (ಪಕ್ಕದ ತಿರುಪು ಗುಂಡಿ) ತಿರುಗಿಸಿ ಕೀ ಕೊಡುವ ವ್ಯವಸ್ಥೆ ಎರಡರಲ್ಲೂ ಇಲ್ಲ. ಈ ಬರಹ ಅವೆರಡನ್ನು ಕುರಿತದ್ದು. ಎಚ್‌ಎಂಟಿ ಆಟೋಮ್ಯಾಟಿಕ್ ಇಟ್ಟುಕೊಂಡವರಿಗೂ ಪರೀಕ್ಷೆಯ ಕ್ರಮ ಇದೇ. ಆದರೆ ಅದರ ಬೇರು ಸಿಟಿಜನ್ ವಿನ್ಯಾಸದಲ್ಲಿದೆ, ಕೀ ತುಂಬುವ ಭಾಗ ಬೇರೆ ತರಹ ಇರುತ್ತದೆ.

ಮೊದಲು ಒಂದು ಮಾತು, ಇದನ್ನು ಬಿಟ್ಟರೆ ಉಳಿದದ್ದೆಲ್ಲ ಅರ್ಧ ವ್ಯರ್ಥ. ಮಿಷಿನ್ ಕೈಗೆ ಬಂದ ಕೂಡಲೇ ತೊಳೆಯಬೇಡಿ. ನಿಂತ ವಾಚನ್ನು ಬಿಚ್ಚಿ, ಪೆಟ್ರೋಲಿನಲ್ಲಿ ಅದ್ದಿ, ಎಣ್ಣೆ ಹಾಕಿ ಜೋಡಿಸುವುದೇ 'ಆಯಿಲ್ ಸರ್ವಿಸ್' ಎಂಬ ರೂಢಿ ಇದೆ. ಲೋಹ ಲೋಹಕ್ಕೆ ಉಜ್ಜಿದ ಜಾಗದಲ್ಲಿ ಕಪ್ಪು ಅಥವಾ ಕೆಂಗಂದು ಪುಡಿ ಕೂತಿರುತ್ತದೆ. ಸವೆತ ಎಲ್ಲಿದೆ ಎಂದು ಅದೇ ತೋರಿಸುತ್ತದೆ. ತೊಳೆದುಬಿಟ್ಟರೆ ಮಿಷಿನ್ ಹೊಳೆಯುತ್ತದೆ, ಕಾಯಿಲೆ ಹಾಗೇ ಉಳಿಯುತ್ತದೆ, ಗುರುತು ಮಾತ್ರ ಹೋಗಿರುತ್ತದೆ. ಆದ್ದರಿಂದ ಎರಡು ಸಲ ನೋಡಬೇಕು: ಕೊಳೆ ಇದ್ದ ಹಾಗೇ ಒಮ್ಮೆ, ತೊಳೆದ ಮೇಲೆ ಇನ್ನೊಮ್ಮೆ.

ಬೇಕಾಗುವ ಸಾಮಾನು

ಸುಮಾರು 3 ಪಟ್ಟಿನದೊಂದು, 10 ಪಟ್ಟಿನದೊಂದು ಕಣ್ಣಿನ ಲೂಪ್ (ಭೂತಗನ್ನಡಿ). 0.8, 1.2 ಮತ್ತು 1.6 ಮಿ.ಮೀ. ಸ್ಕ್ರೂಡ್ರೈವರ್, ತುದಿ ಹರಿತ ಮಾಡಿದವು. ಒಂದು ಒಳ್ಳೆಯ ಚಿಮುಟ, ಮಿಷಿನ್ ಹಿಡಿಯುವ ಹೋಲ್ಡರ್, ಗಾಳಿ ಊದುವ ರಬ್ಬರ್ ಬುರುಡೆ, ಚೂಪು ಮಾಡಿದ ಮರದ ಕಡ್ಡಿ, ಸಣ್ಣ ದಿಕ್ಸೂಚಿ, ಡೀಮ್ಯಾಗ್ನೆಟೈಸರ್ (ಹಿಡಿದ ಅಯಸ್ಕಾಂತ ತೆಗೆಯುವ ಸಾಧನ). ಇವುಗಳ ಜೊತೆ ಟೈಮ್‌ಗ್ರಾಫರ್. ವಾಚಿನ ಟಿಕ್ ಸದ್ದು ಕೇಳಿ ಓಟ ಅಳೆಯುವ ಯಂತ್ರ ಅದು. ಅಗ್ಗದ್ದೇ ಆದರೂ ಸಾಕು, ಆದರೆ ಇರಲೇಬೇಕು. ಬ್ಯಾಲೆನ್ಸ್ ವೀಲ್ (ಅತ್ತಿತ್ತ ಬೀಸುತ್ತ ಸಮಯ ಹಿಡಿಯುವ ಚಕ್ರ) 230 ಡಿಗ್ರಿ ಬೀಸುತ್ತಿದೆಯೋ 180 ಡಿಗ್ರಿಯೋ ಎಂದು ಬರೀ ಕಿವಿಯಿಂದ ಹೇಳುವುದು ಕಷ್ಟ.

ಹಿಂದಿನ ಮುಚ್ಚಳ ತೆಗೆಯುವ ಮುನ್ನ

ಕೈಯಲ್ಲಿ ಹಿಡಿದು ನಿಧಾನ ಅಲುಗಿಸಿ. ರೋಟರ್ (ಕೈ ಆಡಿದಂತೆ ತಿರುಗಿ ಸ್ಪ್ರಿಂಗ್ ತುಂಬುವ ಅರೆಚಂದ್ರ ತೂಕ) ತಿರುಗುವ ಮೆಲುಸದ್ದು ಸಹಜ. ಮರಳು ಅರೆದ ಹಾಗೆ ಕೇಳಿಸಿದರೆ ಬಾಲ್ ಬೇರಿಂಗ್ ಮೇಲೆ ಅನುಮಾನ. 'ಟಕ್' ಎಂದು ಏನೋ ಬಡಿದರೆ ನಡುವಿನ ಸ್ಕ್ರೂ ಸಡಿಲವಾಗಿದೆ, ಇಲ್ಲವೇ ಬೇರಿಂಗ್‌ನಲ್ಲಿ ಆಟ (ಸಡಿಲ ಅಲುಗಾಟ) ಹೆಚ್ಚಾಗಿದೆ.

ಕ್ರೌನ್ ಪೂರ್ತಿ ಎಳೆದು ಮುಳ್ಳು ತಿರುಗಿಸಿ. ಬೆಣ್ಣೆಯಲ್ಲಿ ತಿರುಗಿದ ಹಾಗೆ ಹಗುರವಾಗಿದ್ದರೆ ಮುಳ್ಳುಗಳನ್ನು ಹಿಡಿದಿಡುವ ಬಿಗಿ ಸಡಿಲಾಗಿದೆ. ಇದನ್ನು ಬರೆದಿಟ್ಟುಕೊಳ್ಳಿ: ಟೈಮ್‌ಗ್ರಾಫರ್ ಮೇಲೆ ಎಲ್ಲ ಸರಿಯಿದ್ದು ಗೋಡೆ ಗಡಿಯಾರಕ್ಕಿಂತ ವಾಚು ಹಿಂದೆ ಬೀಳುತ್ತಿದ್ದರೆ ಕಾರಣ ಇದೇ. ಬ್ಯಾಲೆನ್ಸ್ ವೀಲ್ ಕಡೆ ಹುಡುಕಿ ಸಮಯ ಕಳೆಯಬೇಡಿ.

ಮುಚ್ಚಳದ ಹೊರಗಿನ ಆರಂಕಿಯ ಸೀರಿಯಲ್ ನೋಡಿ. ಮೊದಲ ಅಂಕಿ ಇಸವಿಯ ಕೊನೆಯ ಅಂಕಿ. ಎರಡನೆಯದು ತಿಂಗಳು, ಅಕ್ಟೋಬರಿಗೆ 0, ನವೆಂಬರಿಗೆ ಎನ್, ಡಿಸೆಂಬರಿಗೆ ಡಿ. ಮುಚ್ಚಳ ಹೇಳುವ ಕ್ಯಾಲಿಬರ್, ಡಯಲ್‌ನ ಕೆಳಅಂಚಿನ ಸಣ್ಣ ಅಕ್ಷರ ಮತ್ತು ಒಳಗಿನ ಮಿಷಿನ್ ಮೂರೂ ಒಂದೇ ಹೇಳಬೇಕು. ನಮ್ಮ ಮಾರುಕಟ್ಟೆಯಲ್ಲಿ ಹೊಸ ಬಣ್ಣ ಬಳಿದ ಡಯಲ್, ನಾಲ್ಕು ವಾಚಿನ ಭಾಗ ಸೇರಿಸಿ ಕಟ್ಟಿದ ಮಿಷಿನ್ ಬಹಳ. ಹೊಂದದ ರೋಟರ್ ಉಜ್ಜಿದ ಗೆರೆಯನ್ನು ಸವೆತ ಎಂದು ತಪ್ಪು ತಿಳಿಯುವುದು ಸುಲಭ.

ಮುಚ್ಚಳ ತೆಗೆದ ಮೇಲೆ ಮೊದಲ ನೋಟ

ಯಾವುದನ್ನೂ ಮುಟ್ಟದೆ ಫೋಟೊ ತೆಗೆಯಿರಿ. ಮುಚ್ಚಳದ ಒಳಮೈಯನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಅಂಚಿನ ಹತ್ತಿರ ವೃತ್ತದ ಗೀರು ಇದ್ದರೆ ರೋಟರ್ ಮೇಲಕ್ಕೆದ್ದು ಉಜ್ಜುತ್ತಿದೆ. ಗೀರು ಮಿಷಿನ್‌ನ ಬ್ರಿಜ್ (ಚಕ್ರಗಳನ್ನು ಮೇಲಿನಿಂದ ಹಿಡಿದ ಲೋಹದ ಪಟ್ಟಿ) ಮೇಲಿದ್ದರೆ ಕೆಳಕ್ಕೆ ವಾಲುತ್ತಿದೆ. ಎರಡೂ ಕಡೆ ಇದ್ದರೆ ಬೇರಿಂಗ್ ಮುಗಿದಂತೆ. ಆದರೆ ತೀರ್ಮಾನಕ್ಕೆ ಮುನ್ನ ನಡುವಿನ ಸ್ಕ್ರೂ ಬಿಗಿ ಮಾಡಿ ಮತ್ತೆ ನೋಡಿ. ಎಷ್ಟೋ ಸಲ ಕಾಯಿಲೆ ಅಷ್ಟಕ್ಕೇ ಮುಗಿಯುತ್ತದೆ. ಮರದ ಕಡ್ಡಿಯಿಂದ ರೋಟರ್ ಅಂಚನ್ನು ಎತ್ತಿ ಒತ್ತಿ. ಕೂದಲೆಳೆಯಷ್ಟು ಓಲಾಟ ಸಹಜ, ಬ್ರಿಜ್‌ಗೆ ತಾಕಬಾರದು.

ಕಾಂಡ (ಕ್ರೌನ್ ಕೂತ ಉಕ್ಕಿನ ಕಡ್ಡಿ) ಒಳಹೋಗುವ ಜಾಗದಲ್ಲಿ ತುಕ್ಕು ಇದೆಯೇ ನೋಡಿ. ಮಂಗಳೂರು, ಉಡುಪಿ, ಕಾರವಾರದ ಹವೆಯಲ್ಲಿ ಬೆವರು ಇಳಿದ ವಾಚುಗಳಲ್ಲಿ ಕಾಂಡ ಮತ್ತು ಅದರ ಸುತ್ತಲ ಉಕ್ಕಿನ ಬಿಡಿಭಾಗ ಮೊದಲು ಹೋಗುತ್ತವೆ. ಅಲ್ಲಿಂದ ಉದುರಿದ ತುಕ್ಕಿನ ಪುಡಿ ಹಲ್ಲುಗಳ ನಡುವೆ ಸೇರಿದರೆ ಉಜ್ಜುಕಾಗದದ ಕೆಲಸ ಮಾಡುತ್ತದೆ.

ಕವಲು ಪರೀಕ್ಷೆ: ತುಂಬುವ ಕಡೆಯೋ, ಓಡುವ ಕಡೆಯೋ

ಇಡೀ ಪತ್ತೆದಾರಿಯ ಮುಖ್ಯ ಹೆಜ್ಜೆ ಇದು. 'ರಾತ್ರಿ ತೆಗೆದಿಟ್ಟರೆ ಬೆಳಗ್ಗೆ ನಿಂತಿರುತ್ತದೆ' ಎಂಬ ಒಂದೇ ದೂರಿಗೆ ಎರಡು ಬೇರೆ ಬೇರೆ ಕಾರಣ ಇರಬಹುದು. ಸ್ಪ್ರಿಂಗ್ ತುಂಬುತ್ತಲೇ ಇಲ್ಲ, ಅಥವಾ ತುಂಬಿದ ಶಕ್ತಿ ದಾರಿಯಲ್ಲಿ ಸೋರುತ್ತಿದೆ.

ರೋಟರನ್ನು ಬದಿಗೆ ಸರಿಸಿದರೆ ರ‍್ಯಾಚೆಟ್ ವೀಲ್ (ಸ್ಪ್ರಿಂಗ್ ಸುತ್ತುವ ಹಲ್ಲುಚಕ್ರ) ನಡುವಿನ ಸ್ಕ್ರೂ ಕಾಣುತ್ತದೆ. ಅದಕ್ಕೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಇಟ್ಟು ಗಡಿಯಾರದ ದಿಕ್ಕಿನಲ್ಲಿ ನಿಧಾನ ತಿರುಗಿಸಿ, ಸುತ್ತು ಎಣಿಸಿ. ಪೂರ್ತಿ ಇಳಿದ ಸ್ಪ್ರಿಂಗ್ ಸುಮಾರು 8 ಸುತ್ತಿಗೆ ತುಂಬುತ್ತದೆ. ಆಮೇಲೆ ಒಳಗೆ ಸ್ಪ್ರಿಂಗಿನ ಬಾಲ ಬ್ಯಾರೆಲ್ (ಸ್ಪ್ರಿಂಗ್ ಇರುವ ಡಬ್ಬಿ) ಗೋಡೆಯ ಮೇಲೆ ಜಾರುವುದು ಕೈಗೆ ತಿಳಿಯುತ್ತದೆ. 4–5 ಸುತ್ತಿಗೇ ಜಾರಿದರೆ ಗೋಡೆಗೆ ಹಚ್ಚುವ ಬ್ರೇಕಿಂಗ್ ಗ್ರೀಸ್ ಒಣಗಿದೆ, ಇಲ್ಲವೇ ಯಾರೋ ಅಲ್ಲಿ ತೆಳು ಎಣ್ಣೆ ಹಾಕಿದ್ದಾರೆ, ಅಥವಾ ಬಾಲವೇ ಸವೆದಿದೆ. ಎಷ್ಟು ತಿರುಗಿಸಿದರೂ ಜಾರದೆ ಗಟ್ಟಿಯಾಗಿ ನಿಂತರೆ ಬಲವಂತ ಮಾಡಬೇಡಿ, ಬಾಲ ಸಿಕ್ಕಿಕೊಂಡಿದೆ. ಅಂಥ ವಾಚು ಕೈಯಲ್ಲಿ ಕಟ್ಟಿದಾಗ ಬ್ಯಾಲೆನ್ಸ್ ಅತಿಯಾಗಿ ಬೀಸಿ, ಕುದುರೆ ಓಡಿದ ಸದ್ದು ಮಾಡುತ್ತ ನಿಮಿಷಗಟ್ಟಲೆ ಮುಂದೆ ಹೋಗುತ್ತದೆ.

ಪೂರ್ತಿ ತುಂಬಿದ ವಾಚನ್ನು ಮೇಜಿನ ಮೇಲೆ ಅಲುಗಿಸದೆ ಇಡಿ. ಸುಮಾರು 40 ಗಂಟೆ ಓಡಿತೇ? ಹಾಗಾದರೆ ಸ್ಪ್ರಿಂಗ್ ಮತ್ತು ಚಕ್ರಗಳು ಒಟ್ಟಾರೆ ಚೆನ್ನಾಗಿವೆ, ತಪ್ಪು ರೋಟರ್ ಮತ್ತು ಅದರ ತಿರುಗಾಟವನ್ನು ಸ್ಪ್ರಿಂಗಿಗೆ ಮುಟ್ಟಿಸುವ ಮ್ಯಾಜಿಕ್ ಲಿವರ್ ಕಡೆ. 20–25 ಗಂಟೆಗೇ ನಿಂತಿತೇ? ರೋಟರ್ ಎಷ್ಟು ಹೊಸದು ಹಾಕಿದರೂ ಪ್ರಯೋಜನವಿಲ್ಲ, ಒಳಗೆ ಹೋಗಬೇಕು. ಎರಡು ದಿನ ಹಿಡಿಯುವ ಈ ಪರೀಕ್ಷೆಯನ್ನು ಅವಸರಕ್ಕೆ ಬಿಟ್ಟವರು ಬೇಡದ ಭಾಗಕ್ಕೆ ದುಡ್ಡು ಸುರಿಯುತ್ತಾರೆ.

ಟೈಮ್‌ಗ್ರಾಫರ್ ಹೇಳುವುದು

ಮೊದಲು ದಿಕ್ಸೂಚಿ ಹತ್ತಿರ ಹಿಡಿಯಿರಿ. ಮುಳ್ಳು ನಡುಗಿದರೆ ವಾಚಿಗೆ ಅಯಸ್ಕಾಂತ ಹಿಡಿದಿದೆ. ಅದನ್ನು ತೆಗೆಯದೆ ಅಳೆದ ಯಾವ ಲೆಕ್ಕವನ್ನೂ ನಂಬುವ ಹಾಗಿಲ್ಲ. ಆಮೇಲೆ ಲಿಫ್ಟ್ ಆ್ಯಂಗಲ್ 53 (ಬ್ಯಾಲೆನ್ಸ್ ಬೀಸು ಲೆಕ್ಕಹಾಕಲು ಯಂತ್ರಕ್ಕೆ ಕೊಡುವ ಕೋನ) ಎಂದು ಇಟ್ಟುಕೊಂಡು ಅಳೆಯಿರಿ. ಇದರಲ್ಲಿ ಒಂದು ಡಿಗ್ರಿ ತಪ್ಪಿದರೆ ಆ್ಯಂಪ್ಲಿಟ್ಯೂಡ್ (ಬ್ಯಾಲೆನ್ಸ್ ಬೀಸುವ ಕೋನ) ಸುಮಾರು ಐದು ಡಿಗ್ರಿ ತಪ್ಪುತ್ತದೆ, ಅಷ್ಟೇ. ರೋಗ ಹಿಡಿಯಲು ಅದು ಅಡ್ಡಿಯಾಗದು; ಎಲ್ಲ ಅಳತೆಗೂ ಒಂದೇ ಕೋನ ಇರಲಿ.

ಪೂರ್ತಿ ತುಂಬಿದ ಮೇಲೆ ಅರ್ಧ ಗಂಟೆ ಬಿಟ್ಟು ಡಯಲ್ ಮೇಲೆ, ಡಯಲ್ ಕೆಳಗೆ, ಕ್ರೌನ್ ಕೆಳಗೆ, 12 ಮೇಲೆ ಹೀಗೆ ನಾಲ್ಕು ಭಂಗಿಯಲ್ಲಿ ಅಳೆದು ಬರೆದಿಡಿ. 24 ಗಂಟೆಯ ನಂತರ ಮತ್ತೆ ಅಳೆಯಿರಿ. ಈ ವಯಸ್ಸಿನ ಸೀಕೋದಲ್ಲಿ ಮಲಗಿಸಿದಾಗ 230ರಿಂದ 270 ಡಿಗ್ರಿ ಬಂದರೆ ಆರೋಗ್ಯವಾಗಿದೆ. ಸ್ವಿಸ್ ವಾಚಿನ 300 ಇಲ್ಲಿ ನಿರೀಕ್ಷಿಸಬೇಡಿ. ನಿಲ್ಲಿಸಿದಾಗ 20ರಿಂದ 40 ಡಿಗ್ರಿ ಇಳಿಯುವುದು ಸಹಜ.

ಡಯಲ್ ಮೇಲೆ ಮತ್ತು ಕೆಳಗೆ ಇಟ್ಟಾಗಿನ ವ್ಯತ್ಯಾಸ 20 ಡಿಗ್ರಿ ಮೀರಿದರೆ ಬ್ಯಾಲೆನ್ಸ್ ಅಚ್ಚಿನ ಎರಡು ತುದಿಗಳಲ್ಲಿ ಒಂದು ಚಪ್ಪಟೆಯಾಗಿದೆ, ಅಥವಾ ಆ ಕಡೆಯ ಮುಚ್ಚುಗಲ್ಲು (ತುದಿಯ ಮೇಲೆ ಕೂರುವ ಚಪ್ಪಟೆ ಕಲ್ಲು) ಒಣಗಿದೆ ಇಲ್ಲವೇ ಕೊಳೆಯಾಗಿದೆ. ಮಲಗಿಸಿದಾಗ ಚೆನ್ನಾಗಿದ್ದು ನಿಲ್ಲಿಸಿದಾಗ 50–60 ಡಿಗ್ರಿ ಬಿದ್ದರೆ ತುದಿಯ ಬದಿ ಸವೆದಿದೆ, ಬಾಗಿದೆ ಅಥವಾ ರಂಧ್ರದ ಕಲ್ಲು ಒಡೆದಿದೆ. ಎಲ್ಲ ಭಂಗಿಯಲ್ಲೂ ಒಂದೇ ಸಮ ಕಡಿಮೆ ಇದ್ದರೆ ಬ್ಯಾಲೆನ್ಸನ್ನು ದೂರಬೇಡಿ, ಶಕ್ತಿಯೇ ಅಲ್ಲಿಗೆ ತಲುಪುತ್ತಿಲ್ಲ.

ಯಂತ್ರದ ಪರದೆಯ ಗೆರೆ ಅಲೆಯಲೆಯಾಗಿದ್ದರೆ ಅಲೆ ಎಷ್ಟು ಸೆಕೆಂಡಿಗೊಮ್ಮೆ ಮರಳುತ್ತದೆ ಎಂದು ಎಣಿಸಿ. ಸೆಕೆಂಡಿಗೆ 6 ಹೊಡೆತ; ಚಕ್ರಗಳ ಸಾಲಿನ ಕೊನೆಯ ಎಸ್ಕೇಪ್ ವೀಲ್‌ಗೆ 15 ಹಲ್ಲಿದ್ದರೆ ಒಂದು ಸುತ್ತಿಗೆ 30 ಹೊಡೆತ, ಅಂದರೆ 5 ಸೆಕೆಂಡು. ಆದ್ದರಿಂದ 5 ಸೆಕೆಂಡಿನ ಅಲೆ ಎಸ್ಕೇಪ್ ವೀಲ್‌ನದ್ದು. 60 ಸೆಕೆಂಡಿನದ್ದು ಸೆಕೆಂಡ್ ಮುಳ್ಳಿನ ಚಕ್ರದ್ದು. ಆ್ಯಂಪ್ಲಿಟ್ಯೂಡ್ ಕೆಲವು ನಿಮಿಷಕ್ಕೊಮ್ಮೆ ನಿಧಾನ ಏರಿಳಿದರೆ ಬ್ಯಾರೆಲ್ ಕಡೆ ನೋಡಿ. ಬೀಟ್ ಎರರ್ (ಎರಡು ಕಡೆಯ ಬೀಸಿಗೆ ಹಿಡಿಯುವ ಹೊತ್ತಿನ ವ್ಯತ್ಯಾಸ) 1 ಮಿಲಿಸೆಕೆಂಡ್ ದಾಟಿದರೆ ಗಾಬರಿ ಬೇಡ. ಹೇರ್‌ಸ್ಪ್ರಿಂಗಿನ (ಬ್ಯಾಲೆನ್ಸಿನ ತೆಳು ಸುರುಳಿ) ಹೊರತುದಿ ಸಿಕ್ಕಿಸಿದ ಸ್ಟಡ್ ಹಿಡಿದ ತೋಳು ಸರಿಸಿದರೆ ಸರಿಹೋಗುತ್ತದೆ, ಅದು ಸವೆತವಲ್ಲ.

ತಾರೀಕು ಬದಲಾಗುವ ಹೊತ್ತಿನಲ್ಲೂ ಒಮ್ಮೆ ಅಳೆಯಿರಿ. ಸ್ವಲ್ಪ ಇಳಿಯುವುದು ಸಹಜ. ವಾಚು ಯಾವಾಗಲೂ 11ರಿಂದ 2ರ ನಡುವೆಯೇ ನಿಲ್ಲುತ್ತಿದ್ದರೆ ಶಕ್ತಿ ಮೊದಲೇ ಕಡಿಮೆಯಿದೆ, ಅಥವಾ ತಾರೀಕಿನ ಸ್ಪ್ರಿಂಗ್ ಜಿಡ್ಡಿನಲ್ಲಿ ಅಂಟಿದೆ.

ಮ್ಯಾಜಿಕ್ ಲಿವರ್

ಸೀಕೋ ಇದನ್ನು 1959ರಲ್ಲಿ ತಂದಿತು. ಇಷ್ಟು ಸರಳ ಇಷ್ಟು ಬಾಳಿಕೆಯ ಕೀ ತುಂಬುವ ವ್ಯವಸ್ಥೆ ಬೇರೆ ಇಲ್ಲ ಎಂದರೂ ಹೆಚ್ಚಲ್ಲ. ರೋಟರ್ ತಿರುಗಿಸುವ ಮೊದಲ ಚಕ್ರದ ಮೇಲೆ ನಡುವಿನಿಂದ ಸರಿದ ಒಂದು ಗೂಟ. ಆ ಗೂಟಕ್ಕೆ ಸಿಕ್ಕಿದ ಲಿವರ್‌ಗೆ ಎರಡು ಬೆರಳು, ಒಂದು ನೇರ, ಒಂದು ಕೊಕ್ಕೆ. ಗೂಟ ಸುತ್ತಿದಂತೆ ಲಿವರ್ ಹಿಂದೆ ಮುಂದೆ ಆಡುತ್ತದೆ. ಒಂದು ಬೆರಳು ಎರಡನೇ ಚಕ್ರದ ಗರಗಸದ ಹಲ್ಲನ್ನು ತಳ್ಳುತ್ತದೆ, ಇನ್ನೊಂದು ಎಳೆಯುತ್ತದೆ. ರೋಟರ್ ಯಾವ ಕಡೆ ತಿರುಗಿದರೂ ಆ ಚಕ್ರ ಒಂದೇ ಕಡೆ ಹೋಗುತ್ತದೆ.

ಪರೀಕ್ಷೆ ಹೀಗೆ. ರೋಟರ್ ತೆಗೆಯಿರಿ. ಲೂಪ್ ಹಾಕಿಕೊಂಡು ಮೊದಲ ಚಕ್ರವನ್ನು ಮರದ ಕಡ್ಡಿಯಿಂದ ತುಂಬ ನಿಧಾನ ಒಂದು ಪೂರ್ತಿ ಸುತ್ತು ತಿರುಗಿಸಿ. ಮೊದಲರ್ಧ ಸುತ್ತಿನಲ್ಲಿ ಎರಡನೇ ಚಕ್ರ ಮುಂದೆ ಹೋಗಬೇಕು, ಉಳಿದರ್ಧದಲ್ಲೂ ಹೋಗಬೇಕು. ಬೆರಳು ಸವೆದಿದ್ದರೆ ಒಂದು ಅರ್ಧದಲ್ಲಿ ಚಕ್ರ ಕದಲುವುದಿಲ್ಲ, ಬೆರಳು ಹಲ್ಲಿನ ಬೆನ್ನ ಮೇಲೆ ಜಾರಿ ವಾಪಸು ಬರುತ್ತದೆ. ಇನ್ನೊಂದು ದಿಕ್ಕಿಗೆ ತಿರುಗಿಸಿದರೂ ಅದೇ ಅರ್ಧ ನಷ್ಟ. ಅಂದರೆ ಒಂದು ಬೆರಳು ಹೋದರೆ ರೋಟರಿನ ಎರಡೂ ದಿಕ್ಕಿನ ದುಡಿಮೆ ಅರ್ಧಕ್ಕೆ ಇಳಿಯುತ್ತದೆ. ಲಿವರ್ ಬದಲು ರಿವರ್ಸರ್ ಚಕ್ರ ಇರುವ ವಾಚುಗಳಲ್ಲಿ ಒಂದು ದಿಕ್ಕು ಮಾತ್ರ ಕೈಕೊಡುವ ಅಭ್ಯಾಸ ಇರುವವರು ಇಲ್ಲಿ ಮೋಸಹೋಗುತ್ತಾರೆ. ಬೆರಳು ಚೆನ್ನಾಗಿದ್ದೂ ಚಕ್ರ ಮುಂದೆ ಹೋಗಿ ಪ್ರತಿ ಸಲ ಹಿಂದೆ ಬರುತ್ತಿದ್ದರೆ ರ‍್ಯಾಚೆಟ್ ಹಿಂದೆ ತಿರುಗದಂತೆ ತಡೆಯುವ ಕ್ಲಿಕ್ (ಕೊಕ್ಕೆ) ದುರ್ಬಲ.

10 ಪಟ್ಟಿನಲ್ಲಿ ಬೆರಳ ತುದಿ ನೋಡಿ. ಒಳ್ಳೆಯ ತುದಿ ಉಳಿಯಂತೆ ಚೌಕವಾಗಿರುತ್ತದೆ. ಸವೆದದ್ದು ಉಗುರಿನ ಅಂಚಿನಂತೆ ಉರುಟಾಗಿ, ಬೆಳಕಿನಲ್ಲಿ ಒಂದು ಹೊಳೆವ ಚುಕ್ಕೆ ಕಾಣಿಸುತ್ತದೆ. ಹಲ್ಲು ಮತ್ತು ಬೆರಳು ಕೂಡಿಯೇ ಸವೆಯುವುದರಿಂದ ಎರಡನ್ನೂ ಒಟ್ಟಿಗೆ ಬದಲಿಸಿ. ಬೆರಳಿಗೆ ದಪ್ಪ ಗ್ರೀಸ್ ಮೆತ್ತಿದ್ದರೆ ಅದು ಹಲ್ಲಿನ ಮೇಲೆ ತೇಲುತ್ತದೆ. ಅಂಥದ್ದನ್ನು ತೊಳೆದು ಮತ್ತೆ ಪರೀಕ್ಷಿಸಿದ ಮೇಲೆಯೇ ಸವೆತ ಎನ್ನಿ. ಮೊದಲ ಚಕ್ರದ ಗೂಡಿನಲ್ಲೂ ಕಣ್ಣಾಡಿಸಿ. ಲೋಹದ ಗೂಡು ಸವೆದು ಕಪ್ಪು ಪೇಸ್ಟ್ ಕೂತಿದ್ದರೆ ಚಕ್ರ ವಾಲಿ, ಲಿವರಿನ ಆಟದ ಅಳತೆಯೇ ಕಡಿಮೆಯಾಗುತ್ತದೆ.

ಬ್ಯಾರೆಲ್: ಹೆಚ್ಚಿನ ರೋಗ ಇಲ್ಲೇ

ಮುಂದಕ್ಕೆ ಹೋಗುವ ಮುನ್ನ ಸ್ಪ್ರಿಂಗ್ ಇಳಿಸಿ. ರ‍್ಯಾಚೆಟ್ ಸ್ಕ್ರೂ ಮೇಲೆ ಸ್ಕ್ರೂಡ್ರೈವರ್ ಭದ್ರ ಹಿಡಿದು, ಕ್ಲಿಕ್ಕನ್ನು ಕಡ್ಡಿಯಿಂದ ಹಿಂದೆ ತಳ್ಳಿ, ಹಿಡಿತವನ್ನು ಬೆರಳ ನಡುವೆ ಮೆಲ್ಲ ಸಡಿಲಿಸುತ್ತ ಬನ್ನಿ. ಸ್ಪ್ರಿಂಗ್ ಇಳಿಸದೆ ಪ್ಯಾಲೆಟ್ ಫೋರ್ಕ್ (ಎಸ್ಕೇಪ್ ವೀಲನ್ನು ಒಂದೊಂದೇ ಹಲ್ಲು ಬಿಡುವ ಕವಲು) ತೆಗೆದರೆ ಚಕ್ರಗಳು ಒಮ್ಮೆಲೆ ಓಡಿ ಹಲ್ಲು ಮುರಿಯುತ್ತವೆ.

17 ಕಲ್ಲಿನ ಈ ಮಿಷಿನ್‌ಗಳಲ್ಲಿ ಬ್ಯಾರೆಲ್‌ನ ಅಚ್ಚಿಗೆ ಕಲ್ಲಿನ ಆಸರೆ ಇಲ್ಲ. ಉಕ್ಕಿನ ಅಚ್ಚು ಬ್ರಿಜ್‌ನ ರಂಧ್ರದಲ್ಲಿ ನೇರ ತಿರುಗುತ್ತದೆ. ಇಡೀ ವಾಚಿನಲ್ಲಿ ಅತಿ ಹೆಚ್ಚು ಒತ್ತಡ ಬೀಳುವ ಜಾಗ ಇದು. ಎಣ್ಣೆ ಒಣಗಿದ ಮೇಲೂ ವಾಚು ನಿಲ್ಲದೆ ಹತ್ತಾರು ವರ್ಷ ಓಡುವುದರಿಂದ ರಂಧ್ರ ಒಂದು ಕಡೆಗೆ ಸವೆದು ಮೊಟ್ಟೆಯಾಕಾರ ಆಗುತ್ತದೆ. ಬ್ಯಾರೆಲ್ ವಾಲುತ್ತದೆ, ಹಲ್ಲು ಅರ್ಧಂಬರ್ಧ ಕೂಡುತ್ತದೆ, ಎಲ್ಲ ಭಂಗಿಯಲ್ಲೂ ಆ್ಯಂಪ್ಲಿಟ್ಯೂಡ್ ಬೀಳುತ್ತದೆ.

ಮೂರು ಗುರುತು ಹುಡುಕಿ. ರ‍್ಯಾಚೆಟ್ ವೀಲ್ ಎತ್ತಿದಾಗ ಅಚ್ಚಿನ ಸುತ್ತ ಒಂದೇ ಪಕ್ಕಕ್ಕೆ ದಟ್ಟವಾದ ಕಪ್ಪು ಉಂಗುರ. ಬ್ಯಾರೆಲ್ ಮುಚ್ಚಳದ ಮೇಲೆ ಅಥವಾ ಅದರಡಿಯ ಪ್ಲೇಟಿನಲ್ಲಿ ಕಮಾನಿನಂಥ ಉಜ್ಜುಗೀರು. ಸ್ಪ್ರಿಂಗ್ ಇಳಿಸಿ ಬ್ಯಾರೆಲ್ ಅಂಚನ್ನು ಒತ್ತಿದಾಗ ಕಣ್ಣಿಗೇ ಕಾಣುವ ತೂಗಾಟ. ಬ್ರಿಜ್ ತೊಳೆದ ಮೇಲೆ ಬರಿ ಅಚ್ಚನ್ನು ರಂಧ್ರಕ್ಕೆ ಹಾಕಿ ಅಲುಗಿಸಿ, ನಾಲ್ಕೂ ದಿಕ್ಕಿನಲ್ಲಿ ಆಟ ಒಂದೇ ಸಮ ಇರಬೇಕು. ಒಂದು ದಿಕ್ಕಿನಲ್ಲಿ ಮಾತ್ರ ಹೆಚ್ಚಿದ್ದರೆ ಸವೆತ ಖಚಿತ. ಸರಿಯಾದ ಮದ್ದು ರಂಧ್ರ ಕೊರೆದು ಬುಶ್ (ಲೋಹದ ಸಣ್ಣ ಬಳೆ) ಕೂರಿಸುವುದು. ಸುತ್ತ ಪಂಚ್ ಹೊಡೆದು ಲೋಹ ಒಳಕ್ಕೆ ಒತ್ತುವುದನ್ನು ದಯವಿಟ್ಟು ಮಾಡಬೇಡಿ. ಕೆಲವು ತಿಂಗಳಿಗೆ ಆಟ ಮರಳುತ್ತದೆ, ಆ ಬ್ರಿಜ್‌ಗೆ ಮುಂದೆ ನೆಟ್ಟಗೆ ಬುಶ್ ಹಾಕುವುದೂ ಕಷ್ಟವಾಗುತ್ತದೆ.

ಸ್ಪ್ರಿಂಗನ್ನು ಹೊರತೆಗೆದು ಬಿಟ್ಟಾಗ ಅದು ಎಸ್ ಅಕ್ಷರದಂತೆ ಹಿಮ್ಮುಖ ಬಳುಕಬೇಕು. ಬ್ಯಾರೆಲ್‌ನಲ್ಲಿ ಇದ್ದ ಹಾಗೇ ಸುರುಳಿಯಾಗಿ ಮಲಗಿದರೆ ಬಲ ಹೋಗಿದೆ, ಹೊಸದು ಹಾಕಿ. ಗೋಡೆಗೆ ಬ್ರೇಕಿಂಗ್ ಗ್ರೀಸ್ ನಾಲ್ಕೈದು ಕಡೆ ಚುಕ್ಕೆಯಷ್ಟು ಸಾಕು.

ಚಕ್ರಗಳ ಸಾಲು

ಬ್ಯಾಲೆನ್ಸ್ ಮತ್ತು ಪ್ಯಾಲೆಟ್ ಫೋರ್ಕ್ ತೆಗೆದ ಮೇಲೆ ರ‍್ಯಾಚೆಟ್ ಸ್ಕ್ರೂವನ್ನು ಒಂದೆರಡು ಹಲ್ಲಿನಷ್ಟು ಮಾತ್ರ ತಿರುಗಿಸಿ. ಚಕ್ರಗಳು ಸರ್ರನೆ ಓಡಿ, ನಿಲ್ಲುವ ಹೊತ್ತಿಗೆ ಎಸ್ಕೇಪ್ ವೀಲ್ ಒಂದಿಷ್ಟು ಹಿಂದಕ್ಕೆ ತಿರುಗಬೇಕು. ಹಾಗೆ ಹಿಂದೆ ತಿರುಗಿದರೆ ದಾರಿ ಸ್ವಚ್ಛ. ಗಕ್ಕೆಂದು ನಿಂತರೆ ಎಲ್ಲೋ ಹಿಡಿತವಿದೆ. ಅಲ್ಪ ಬಲದಲ್ಲೇ ಮಾಡಬೇಕಾದ ಪರೀಕ್ಷೆ ಇದು. ಹೆಚ್ಚು ಕೀ ಕೊಟ್ಟರೆ ಕೆಟ್ಟ ಸಾಲೂ ಓಡಿಬಿಡುತ್ತದೆ.

ಪ್ರತಿ ಚಕ್ರವನ್ನೂ ಚಿಮುಟದಿಂದ ಮೇಲೆ ಕೆಳಗೆ ಆಡಿಸಿ. 0.02ರಿಂದ 0.05 ಮಿ.ಮೀ. ಆಟ ಇರಬೇಕು. ತಲೆಗೂದಲು ಸುಮಾರು 0.07 ಮಿ.ಮೀ. ದಪ್ಪ; ಅದಕ್ಕಿಂತ ತೆಳುವಾದ ಒಂದು ಕದಲಿಕೆ ಎಂದು ಕಣ್ಣಿಗೆ ರೂಢಿ ಮಾಡಿಸಿ. ತೊಳೆದ ಮೇಲೆ ಚಕ್ರದ ತುದಿಗಳನ್ನು ಬೆಳಕಿನ ಕೆಳಗೆ ಮೆಲ್ಲ ಉರುಳಿಸಿ ನೋಡಿ. ಒಳ್ಳೆಯದಾದರೆ ಉದ್ದಕ್ಕೂ ಒಂದೇ ಹೊಳಪುಗೆರೆ. ಗೆರೆ ನಡುವೆ ಮುರಿದರೆ ಅಲ್ಲಿ ಕಚ್ಚು ಬಿದ್ದಿದೆ. ತುದಿ ಹೀಗೆ ಸವೆದಿದ್ದರೆ ಅದು ಕೂರುವ ಕಲ್ಲನ್ನೂ ಹಿಂದಿನಿಂದ ಬೆಳಕು ಬಿಟ್ಟು ನೋಡಿ. ಕೂದಲಿನಂಥ ಬಿರುಕು ಸಾಮಾನ್ಯ ಬೆಳಕಿನಲ್ಲಿ ಕಾಣುವುದೇ ಇಲ್ಲ.

ಪ್ಯಾಲೆಟ್ ಕಲ್ಲುಗಳ ಅಂಚು ಗಾಜಿನಂತೆ ಚೂಪಾಗಿರಬೇಕು. ಅಂಚಿನ ಚೂರು ಹಾರಿದ್ದರೆ ಬದಲಾವಣೆಯೇ ಗತಿ, ಏಕೆಂದರೆ ಅದು ಎಸ್ಕೇಪ್ ಹಲ್ಲುಗಳನ್ನೂ ಕೆರೆದು ಹಾಳುಮಾಡುತ್ತಿರುತ್ತದೆ.

ಬ್ಯಾಲೆನ್ಸ್

ಡಯಾಶಾಕ್‌ನ (ಬ್ಯಾಲೆನ್ಸ್ ತುದಿಗಳನ್ನು ಪೆಟ್ಟಿನಿಂದ ಕಾಯುವ ಜೋಡಣೆ) ಮೂರೆಸಳಿನ ಸ್ಪ್ರಿಂಗ್ ತೆಗೆಯುವಾಗ ಮೇಲೆ ಬೆರಳು ಅಡ್ಡ ಇರಲಿ, ಹಾರಿದರೆ ಸಿಗುವುದಿಲ್ಲ. ಮುಚ್ಚುಗಲ್ಲಿನ ಚಪ್ಪಟೆ ಮೈ ಮೇಲೆ ನಟ್ಟನಡುವೆ ಸಣ್ಣ ಗುಳಿ ಅಥವಾ ಉಂಗುರ ಕಂಡರೆ, ಆ ಕಡೆಯ ತುದಿ ವರ್ಷಗಟ್ಟಲೆ ಒಣಗಿ ಕೊರೆದಿದೆ. ತುದಿಯ ದಪ್ಪ 0.1 ಮಿ.ಮೀ.ಗಿಂತ ಕಡಿಮೆ; ಅದರ ತಲೆ ನುಣುಪು ಗುಮ್ಮಟದಂತಿರಬೇಕು, ಮೊಳೆಯ ತಲೆಯಂತೆ ಅಗಲಿಸಿರಬಾರದು. ಹೇರ್‌ಸ್ಪ್ರಿಂಗ್ ಸಮತಟ್ಟಾಗಿ, ಸುರುಳಿಗಳ ನಡುವಿನ ಅಂತರ ಒಂದೇ ಸಮ ಇರಲಿ. ಎರಡು ಸುರುಳಿ ಅಂಟಿಕೊಂಡು ವಾಚು ದಿನಕ್ಕೆ ನಿಮಿಷಗಟ್ಟಲೆ ಮುಂದೆ ಓಡುತ್ತಿದ್ದರೆ ಎಣ್ಣೆ ತಾಗಿದೆ ಅಥವಾ ಅಯಸ್ಕಾಂತ. ತುಕ್ಕು ಹಿಡಿದ ಹೇರ್‌ಸ್ಪ್ರಿಂಗನ್ನು ಉಳಿಸಲು ಹೋಗದೆ ಬ್ಯಾಲೆನ್ಸ್ ಪೂರ್ತಿ ಸೆಟ್ ಬದಲಿಸುವುದೇ ಮೇಲು.

ಬದಲಿ ಭಾಗ

ಬಿಡಿಭಾಗಕ್ಕಿಂತ ಅದೇ ಕ್ಯಾಲಿಬರಿನ ಇನ್ನೊಂದು ಹಳೆ ಮಿಷಿನ್ ಅಗ್ಗಕ್ಕೆ ಸಿಗುವುದುಂಟು. ಆದರೆ ಅದೂ ಅಷ್ಟೇ ವರ್ಷ ಓಡಿದ್ದಾದರೆ ಅದರ ಬ್ಯಾರೆಲ್ ಬ್ರಿಜ್ ಮತ್ತು ಲಿವರ್ ಕೂಡ ಅದೇ ಜಾಗದಲ್ಲಿ ಸವೆದಿರುತ್ತವೆ. ಬ್ಯಾಲೆನ್ಸ್ ಮುರಿದು ಬೇಗ ಮೂಲೆ ಸೇರಿದ ಮಿಷಿನ್ ಸಿಕ್ಕರೆ ಅದೇ ಒಳ್ಳೆಯದು: ಬೇಕಾದ ಭಾಗ ಓಡದೆ ಉಳಿದಿರುತ್ತದೆ. ಕೊಳ್ಳುವ ಮುನ್ನ ರ‍್ಯಾಚೆಟ್ ಸುತ್ತಲ ಕಪ್ಪು ಉಂಗುರ ಕಾಣುವಂಥ ಫೋಟೊ ಕೇಳಿ.

ಒಮ್ಮೆಗೆ ಒಂದೇ ಭಾಗ ಬದಲಿಸಿ, ಅದೇ ನಾಲ್ಕು ಭಂಗಿಯಲ್ಲಿ ಅಳೆದು ಮೊದಲ ಪಟ್ಟಿಯ ಪಕ್ಕ ಬರೆಯಿರಿ. ಬುಶ್ ಕೂರಿಸಿದ ಮೇಲೆ ಮಲಗಿಸಿದಾಗಿನ ಅಂಕಿ ಏರಿ ನಿಲ್ಲಿಸಿದಾಗಿನದ್ದು ಅಲ್ಲೇ ಉಳಿದರೆ, ಬ್ಯಾಲೆನ್ಸ್ ತುದಿಯ ಕೆಲಸ ಇನ್ನೂ ಬಾಕಿಯಿದೆ. ಕೊನೆಗೆ ಸ್ಕ್ರೂಡ್ರೈವರ್ ಮುಟ್ಟಿಸದೆ, ದಿನಕ್ಕೆ ಹತ್ತು ಗಂಟೆಯಂತೆ ಮೂರು ದಿನ ಕೈಗೆ ಕಟ್ಟಿ, ಮೂರನೇ ರಾತ್ರಿ ಬಿಚ್ಚಿಟ್ಟು ಎಷ್ಟು ಗಂಟೆಗೆ ನಿಲ್ಲುತ್ತದೆ ನೋಡಿ. 35 ಗಂಟೆ ದಾಟಿದರೆ ರೋಟರ್, ಲಿವರ್, ಬ್ಯಾರೆಲ್ ಮೂರೂ ತಮ್ಮ ಕೆಲಸ ಮಾಡುತ್ತಿವೆ.